30 ಅಡಿ ರಸ್ತೆಗೆ 24 ಫ್ಲ್ಯಾಟ್: ಕಾರು ಎಲ್ಲಿ ನಿಲ್ಲಬೇಕು?

ಸರ್, ವಿದ್ಯಾನಗರದಲ್ಲಿ ನಿಮ್ಮ ಮನೆ ಎದುರು 24 ಫ್ಲ್ಯಾಟ್ ಏಳುತ್ತಿವೆ, ಕಾರೆಲ್ಲ ರಸ್ತೆಗೆ ಬಂದರೆ ಏನು ಮಾಡುವುದು ಅಂತ ಕೇಳಿದ್ದೀರಿ. ಈಗಲೇ ಕೈಹಾಕ್ರಿ. ಪಿಲ್ಲರ್ ಎದ್ದ ಮೇಲೆ ಯಾರೂ ಸರಿಸೋದಿಲ್ಲ.

ಮೊದಲು ಮಂಜೂರಾದ ನಕ್ಷೆ ನೋಡ್ರಿ. ಇಷ್ಟು ಫ್ಲ್ಯಾಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ, ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕ್ರಿ. ಸಿಗದಿದ್ದರೆ ಮಹಾನಗರ ಪಾಲಿಕೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕ್ರಿ, 30 ದಿನದೊಳಗೆ ಉತ್ತರ ಕೊಡಬೇಕು.

ನಕ್ಷೆಯಲ್ಲಿ ಕಾರಿನ ಚೌಕಗಳನ್ನು ಎಣಿಸಿ ಸಮಾಧಾನ ಆಗಬೇಡ್ರಿ, ಸ್ಕೇಲ್ ಹಿಡಿದು ಅಳೀರಿ. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ, ಅದೂ ಪಿಲ್ಲರ್ ಬಿಟ್ಟು. ಎರಡು ಪಿಲ್ಲರ್ ನಡುವೆ 4.2 ಮೀಟರ್ ಇದ್ದು ಎರಡು ಕಾರು ಬರೆದಿದ್ದರೆ, ನಿಲ್ಲಿಸಿದರೂ ಬಾಗಿಲು ತೆಗೆದು ಇಳಿಯಲಾಗದು. ಆ ಚೌಕಗಳ ಎದುರು ಕಾರು ಓಡಾಡುವ ಜಾಗ 5.5 ಮೀಟರಿಗಿಂತ ಕಡಿಮೆ ಇದ್ದರೆ ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕು. ಬೇಸತ್ತವರು ನಿಮ್ಮ ಗೇಟಿನ ಮುಂದೆಯೇ ಬಿಟ್ಟು ಹೋಗುತ್ತಾರೆ.

ರಸ್ತೆಯಿಂದ ಪಾರ್ಕಿಂಗಿಗೆ ಹೋಗುವ ಇಳಿಜಾರು ಒಂದು ಮೀಟರ್ ಏರಲು ಕನಿಷ್ಠ 8 ಮೀಟರ್ ಉದ್ದ ಇರಲಿ, ಇಲ್ಲದಿದ್ದರೆ ಕಾರಿನ ತಳ ಉಜ್ಜುತ್ತದೆ. ಅದು ಪ್ಲಾಟಿನ ಒಳಗೇ ಮುಗಿಯಬೇಕು. ಗಟಾರದ ಮೇಲೆ ಸಿಮೆಂಟ್ ಹಾಕಿ ಚಾಚಿದರೆ ಮಳೆಗಾಲದಲ್ಲಿ ಹೂಳು ತೆಗೆಯಲಾಗದೆ ನೀರು ನಿಮ್ಮ ಅಂಗಳಕ್ಕೇ ಬರುತ್ತದೆ.

ಸ್ಟಿಲ್ಟ್ (ಕಟ್ಟಡದ ಕೆಳಗೆ ಪಿಲ್ಲರ್‌ಗಳ ನಡುವಿನ ಪಾರ್ಕಿಂಗ್) ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ; ಮಾರಿದರೆ ಕೊಳ್ಳದವರ ಕಾರು ರಸ್ತೆಗೇ ಬರುತ್ತದೆ.

ನಕ್ಷೆಗೂ ಕಟ್ಟುತ್ತಿರುವುದಕ್ಕೂ ವ್ಯತ್ಯಾಸ ಕಂಡರೆ ಫೋಟೊ, ಅಳತೆ ಸಮೇತ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಓಸಿ (ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಪ್ರಮಾಣಪತ್ರ) ಕೊಡುವ ಮುಂಚೆಯೇ ಲಿಖಿತ ಆಕ್ಷೇಪಣೆ ಕೊಟ್ಟು, ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ರಿ.