15 ಲಕ್ಷಕ್ಕೆ ಹಳೆಯ ಲಕ್ಷುರಿ ಕಾರು ತಗೋಬಹುದಾ? ರಿಪೇರಿ ಖರ್ಚು ಮುಳುಗಿಸುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಪುಣೆಯ ವಾಕಡ್‌ನಲ್ಲಿ ಮನೆ, ಎಂಟು ಕಿ.ಮೀ. ದೂರದ ಹಿಂಜೇವಾಡಿಯಲ್ಲಿ ಕೆಲಸ, ಕೈಯಲ್ಲಿ 15 ಲಕ್ಷ. ಮುಂಬೈ ನಂಬರಿನ 2016ರ ಬಿಎಂಡಬ್ಲ್ಯೂ 320ಡಿ ನೋಡಿದ್ದೀರಿ. 62,000 ಕಿ.ಮೀ. ಓಡಿದೆ, ಒಂದೇ ಕಂಪನಿಯ ಹೆಸರಲ್ಲಿತ್ತು, 14.5 ಲಕ್ಷ ಹೇಳ್ತಿದ್ದಾರೆ. ಮನೆಯಲ್ಲಿ ಅದೇ ದುಡ್ಡಿಗೆ ಹೊಸ ಕ್ರೆಟಾ ತರೋಣ ಅಂತಿದ್ದಾರೆ.

14.5 ಕೊಟ್ಟರೆ ನಿಮ್ಮ ಹತ್ತಿರ ಉಳಿಯೋದು 50 ಸಾವಿರ. ನನ್ನ ಆತಂಕ ಕಾರಿನ ಬಗ್ಗೆ ಅಲ್ಲ, ಆ 50 ಸಾವಿರದ ಬಗ್ಗೆ.

ನಾನು ಧಾರವಾಡದವನು, ಪುಣೆಗೆ ಬಂದು ಹದಿನಾರು ವರ್ಷ. 2018ರಲ್ಲಿ ನಿಮ್ಮ ಹಾಗೇ ಆಸೆಪಟ್ಟು 2012ರ ಒಂದು ಜರ್ಮನ್ ಡೀಸೆಲ್ ಸೆಡಾನ್ ತಗೊಂಡೆ. ಯಾವ ಕಂಪನಿಯದು ಅನ್ನೋದು ಬೇಡ, ಬಿಡಿ. 71,000 ಕಿ.ಮೀ. ಆಗಿತ್ತು, 9.75 ಲಕ್ಷ ಕೊಟ್ಟೆ. ನಾಲ್ಕು ವರ್ಷ ಇಟ್ಟುಕೊಂಡು 38,000 ಕಿ.ಮೀ. ಓಡಿಸಿ 5.4 ಲಕ್ಷಕ್ಕೆ ಮಾರಿದೆ. ಬ್ಯಾಂಕಿನಲ್ಲಿ ಕೆಲಸ ಮಾಡೋನು, ಲೆಕ್ಕ ಬರೆದಿಡೋ ಚಟ ಇದೆ. ಸರ್ವೀಸ್ ವರ್ಷಕ್ಕೆ 22,000ದ ಹಾಗೆ ನಾಲ್ಕು ಸಲ, 88,000. ಟೈರ್ ನಾಲ್ಕು, 72,000. ಮುಂದಿನ ಸಸ್ಪೆನ್ಶನ್ನಿನ ಆರ್ಮು, ಬುಶ್ಶು 62,000. ಕೂಲಿಂಗ್ ಸಿಸ್ಟಮ್ 58,000. ಗೇರ್‌ಬಾಕ್ಸ್ ಆಯಿಲ್ 46,000. ಬ್ಯಾಟರಿ 31,000. ಒಟ್ಟು 3.57 ಲಕ್ಷ, ಅಂದರೆ ತಿಂಗಳಿಗೆ ಸುಮಾರು 7,400.

ಆ 7,400 ನೋಡಿದರೆ "ಅಷ್ಟೇನಾ, ನಿಭಾಯಿಸಬಹುದು" ಅನಿಸುತ್ತೆ. ಆದರೆ ಅದು ತಿಂಗಳಿಗೆ 7,400ರಂತೆ ಬರೋದಿಲ್ಲ. ಎಂಟು ತಿಂಗಳು ಏನೂ ಇಲ್ಲ, ಗಾಡಿ ಬೆಣ್ಣೆ. ಆಮೇಲೆ ಒಂದು ಮಂಗಳವಾರ 58,000. ಅದು ಮುಗಿದು ಐದು ವಾರಕ್ಕೆ 46,000. ಸಂಬಳದ ಮೇಲೆ ನಡೆಯೋ ಮನೆಗೆ ಪೆಟ್ಟು ಬೀಳೋದು ಇಲ್ಲೇ. ಬೆಲೆ ಕುಸಿದದ್ದು, ಇನ್ಶೂರೆನ್ಸು ಎಲ್ಲ ಸೇರಿಸಿದರೆ ನಾಲ್ಕು ವರ್ಷಕ್ಕೆ 9 ಲಕ್ಷ ಚಿಲ್ಲರೆ. ಕಿ.ಮೀ.ಗೆ 24 ರೂಪಾಯಿ, ಅದೂ ಡೀಸೆಲ್ ಹಾಕೋ ಮುಂಚೆ.

ಆ 58,000ದ ಕಥೆ ಹೇಳ್ತೀನಿ. 2021ರ ದೀಪಾವಳಿಗೆ ಊರಿಗೆ ಹೊರಟಿದ್ದೆವು. ಖಂಬಾಟ್ಕಿ ಘಾಟ್ ಆರಾಮಾಗಿ ಹತ್ತಿತು. ಕರಾಡ್ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ, ಇಂಜಿನ್ ಬಿಸಿ. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ ಕೂಲಂಟಿನ ಸಿಹಿ ವಾಸನೆ, ಕೆಳಗೆ ಟಾರಿನ ಮೇಲೆ ಗುಲಾಬಿ ನೀರು. ಸುತ್ತಮುತ್ತ ಗ್ಯಾರೇಜುಗಳಿದ್ದವು, ಆದರೆ ಬಾನೆಟ್ ಒಳಗೆ ಇಣುಕಿದವರೆಲ್ಲ "ಪುಣೆಗೆ ಒಯ್ಯಿರಿ" ಅಂತ ಕೈ ಒದರಿದರು. ಹಬ್ಬದ ದಿನ ಫ್ಲಾಟ್‌ಬೆಡ್ ಲಾರಿಯವನು 11,000 ಕೇಳಿದ, ಕೊಟ್ಟೆ. ಹೆಂಡತಿ, ಮಗ, ಅವ್ವ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಿಂತು ಧಾರವಾಡ ಸೇರಿದರು. ಅವ್ವ ಇವತ್ತಿಗೂ ಆ ಕಾರನ್ನು "ಆ ನಿನ್ನ ಲಾರಿ ಮ್ಯಾಲಿನ ಗಾಡಿ" ಅಂತಾರೆ.

ಭೋಸರಿಯಲ್ಲಿ ನನಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬ ಇದ್ದಾನೆ, ನಿಪ್ಪಾಣಿ ಕಡೆಯವನು, ಅರ್ಧ ಮರಾಠಿ ಅರ್ಧ ಕನ್ನಡ. ಥರ್ಮೋಸ್ಟಾಟ್ ಹೌಸಿಂಗ್, ಅಂದರೆ ಕೂಲಂಟಿನ ಹರಿವು ನೋಡಿಕೊಳ್ಳೋ ವಾಲ್ವಿನ ಕವಚ, ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟ. ಕಪ್ಪು ಪ್ಲಾಸ್ಟಿಕ್, ಹೆಬ್ಬೆರಳಿನಿಂದ ಒತ್ತಿದರೆ ಚಹಾದಲ್ಲಿ ಅದ್ದೋ ಟೋಸ್ಟಿನ ಹಾಗೆ ಪುಡಿಯಾಯ್ತು. "ಸಾಹೇಬ್ರ, ಈ ಗಾಡಿಗೋಳು ಕಬ್ಣ ಸವದು ಸಾಯಾಂಗಿಲ್ಲ್ರಿ, ಪ್ಲಾಸ್ಟಿಕ್ ಪುಡಿಯಾಗಿ ಸಾಯ್ತಾವ್ರಿ" ಅಂದ. ಆ ತುಂಡಿನ ಬೆಲೆ 6,800. ಉಳಿದದ್ದು ಅದರ ಅಕ್ಕಪಕ್ಕದ ಪೈಪು, ವಾಟರ್ ಪಂಪು, ಕೂಲಂಟು, ಅಲ್ಲಿಗೆ ಕೈ ಹೋಗೋಕೆ ಬಿಚ್ಚಬೇಕಾದ ಹತ್ತೆಂಟು ಸಾಮಾನಿನ ಮಜೂರಿ, ಮತ್ತೆ ಆ ಲಾರಿ.

ಹತ್ತು ವರ್ಷದ ಲಕ್ಷುರಿ ಕಾರಿನ ಸ್ವಭಾವ ಇದೇ. ಇಂಜಿನ್, ಗೇರ್‌ಬಾಕ್ಸ್ ಗಟ್ಟಿಯಾಗೇ ಇರುತ್ತೆ. ಆದರೆ ಹೊಸದರಲ್ಲಿ 40 ಲಕ್ಷ ದಾಟಿದ್ದ ಗಾಡಿ ನಿಮಗೆ 14ಕ್ಕೆ ಸಿಕ್ಕಿತು ಅಂತ ಅದರ ಹೆಡ್‌ಲೈಟು 14 ಲಕ್ಷದ ಗಾಡಿಯ ರೇಟಿಗೆ ಸಿಗೋದಿಲ್ಲ. ಎಲ್ಇಡಿ ಹೆಡ್‌ಲೈಟ್ ಒಂದನ್ನು ಯಾರೋ ಬೈಕಿನವನು ಒಡೆದರೆ ಶೋರೂಮಿನಲ್ಲಿ ಲಕ್ಷದ ಮಾತೇ. ಮರ್ಸಿಡಿಸ್ ಕಾರ್ಖಾನೆ ಇಲ್ಲೇ ಚಾಕಣದಲ್ಲಿದೆ, ದಿನಾ ಅದರ ಮುಂದೆ ಓಡಾಡೋರಿದ್ದಾರೆ. ಪುಣೆಯವರಿಗೆ ಅಂತ ಒಂದು ರೂಪಾಯಿ ಕಡಿಮೆ ಇಲ್ಲ!

ಈಗ ನಿಮ್ಮ ಗಾಡಿಗೆ ಬರೋಣ. ಆರ್‌ಸಿಯಲ್ಲಿ ತಯಾರಾದ ತಿಂಗಳು ನೋಡಿ, ನೋಂದಣಿ ವರ್ಷ ಅಲ್ಲ. ಮೊದಲಿನ 320ಡಿಗಳಲ್ಲಿ ಎನ್47 ಅನ್ನೋ ಇಂಜಿನ್ ಇತ್ತು, 2016ರಲ್ಲಿ ಬಂದ ಬದಲಾದ ಮಾದರಿಯಲ್ಲಿ ಬಿ47. ಎನ್47ರ ಟೈಮಿಂಗ್ ಚೈನ್ (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸೋ ಸರಪಳಿ) ಸವೆಯೋ ಸುದ್ದಿ ಜಗತ್ತಿಗೇ ಗೊತ್ತು, ಅದರಲ್ಲೂ 2007ರಿಂದ 2011ರವರೆಗಿನವು. ಆ ಚೈನ್ ಇರೋದು ಇಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ. ಚೈನ್ ಮುಟ್ಟಬೇಕು ಅಂದರೆ ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು, ಹಾಗಾಗಿ ಸಾಮಾನಿಗಿಂತ ಮಜೂರಿ ದೊಡ್ಡದು. ಬಿ47 ಎಷ್ಟೋ ಮೇಲು, ಆದರೆ ಅದರಲ್ಲೂ ಚೈನ್ ಹಿಂದೇನೇ. ಜೊತೆಗೆ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸೋ ವ್ಯವಸ್ಥೆ) ಕೂಲರ್ ಸೋರುವ ತೊಂದರೆಗಾಗಿ ಬಿಎಂಡಬ್ಲ್ಯೂ 2018ರಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಡೀಸೆಲ್ ಗಾಡಿಗಳನ್ನು ವಾಪಸ್ ಕರೆದು ನೋಡಿತ್ತು. ಚಾಸಿ ನಂಬರ್ ಕೊಟ್ಟು, ಈ ಗಾಡಿಯ ಮೇಲೆ ಯಾವುದಾದರೂ ರಿಕಾಲ್ ಕೆಲಸ ಬಾಕಿ ಇದೆಯಾ ಅಂತ ಅಧಿಕೃತ ಸರ್ವೀಸ್ ಸೆಂಟರಿನಲ್ಲೇ ಕೇಳಿ.

62,000 ಅನ್ನೋ ಸಂಖ್ಯೆಗೆ ಮರುಳಾಗಬೇಡಿ. ಮುಂಬೈ ಕಂಪನಿ ಗಾಡಿ ಅಂದರೆ ಬಹುಪಾಲು ಡ್ರೈವರ್ ಓಡಿಸಿದ್ದು. ಸಾಹೇಬರು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಮೀಟಿಂಗಿಗೆ ಹೋದರೆ ಡ್ರೈವರ್ ಹೊರಗೆ ಎಸಿ ಹಾಕಿಕೊಂಡು ಎರಡು ತಾಸು ನಿದ್ದೆ. ಮೀಟರ್ ನಿಂತಿರುತ್ತೆ, ಇಂಜಿನ್ ನಿಂತಿರೋದಿಲ್ಲ. ಚಾಲಕನ ಸೀಟಿನ ಹೊರಗಿನ ಅಂಚು ಮತ್ತು ಹಿಂದಿನ ಎಡಸೀಟು ಎರಡೂ ಸವೆದಿದ್ದರೆ ಕಥೆ ಗೊತ್ತಾಯ್ತು ಅಂತ ತಿಳಕೊಳ್ಳಿ. ಅಂಥ ಗಾಡಿಯ ಆಯಿಲ್ ಕಿ.ಮೀ. ಲೆಕ್ಕದಲ್ಲಿ ಅಲ್ಲ, ವರ್ಷದ ಲೆಕ್ಕದಲ್ಲಿ ಬದಲಾಗಿದೆಯಾ ನೋಡಬೇಕು. ಸೀಲ್ ಹೊಡೆದ ಪುಸ್ತಕ ನಂಬಬೇಡಿ, ಬಿಲ್ಲುಗಳು ಬೇಕು. ಪ್ರತಿ ಬಿಲ್ಲಿನ ಮೇಲೂ ಕಿ.ಮೀ. ಇರುತ್ತೆ. ಮೀಟರ್ ತಿರುಗಿಸಿದ್ದರೆ, ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಚ್ಚಿದಾಗ ಸಿಕ್ಕಿಬೀಳೋ ಸಾಧ್ಯತೆ ಜಾಸ್ತಿ, ಯಾಕಂದರೆ ಓಡಿದ ಲೆಕ್ಕ ಗಾಡಿಯೊಳಗಿನ ಪುಟ್ಟ ಕಂಪ್ಯೂಟರುಗಳಾದ ಬೇರೆ ಬೇರೆ ಮಾಡ್ಯೂಲ್‌ಗಳಲ್ಲೂ ಕೂತಿರುತ್ತೆ. ಬಿಎಂಡಬ್ಲ್ಯೂದಲ್ಲಿ ಕೀಲಿಯೊಳಗೂ ಇರುತ್ತೆ.

ನೋಡೋಕೆ ಹೋಗೋದು ಬೆಳಿಗ್ಗೆ, ಅವರು ಸ್ಟಾರ್ಟ್ ಮಾಡೋ ಮುಂಚೆ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ, "ನಾಳೆ ಬರ್ತೀನಿ" ಅನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಎರಡು ಸೆಕೆಂಡು ಇಂಜಿನ್ನಿನ ಹಿಂಭಾಗದಿಂದ ಗಲಗಲ ಸದ್ದು ಬಂದರೆ ಚೈನಿನ ಅನುಮಾನ. ಆಮೇಲೆ ಬ್ರೇಕ್ ಒತ್ತಿಕೊಂಡು ಗೇರನ್ನು ಡಿ (ಮುಂದಕ್ಕೆ), ಆರ್ (ಹಿಂದಕ್ಕೆ), ಮತ್ತೆ ಡಿ ಅಂತ ಬದಲಿಸಿ. ಜರ್ಕ್ ಹೊಡೆದರೆ ಅಥವಾ ಒಂದು ಕ್ಷಣ ಯೋಚನೆ ಮಾಡಿ ಹಿಡಿದರೆ ಗೇರ್‌ಬಾಕ್ಸಿನ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿ. "ಲೈಫ್‌ಟೈಮ್ ಆಯಿಲ್, ಬದಲಿಸೋ ಹಾಗೇ ಇಲ್ಲ" ಅಂತಾರೆ. ಆ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತೆ.

ನೀರಿನ ವಿಷಯ ಮರೀಬೇಡಿ. ಮುಂಬೈ ನಂಬರ್ ಅಂದ ತಕ್ಷಣ ನಾನು ಮೊದಲು ನೋಡೋದೇ ಇದನ್ನು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದದ್ದು ಹಳೇ ಮಾತು, ಆದರೆ ಅಲ್ಲಿ ನೆಲಮಹಡಿ ಪಾರ್ಕಿಂಗಿಗೆ ನೀರು ನುಗ್ಗದ ಮಳೆಗಾಲ ಅಪರೂಪ. ವಾಶಿ ಕಡೆ ಗೆಳೆಯನ ಜೊತೆ ಒಂದು ಗಾಡಿ ನೋಡೋಕೆ ಹೋಗಿದ್ದೆ. ಪಾಲಿಶ್ ಮಾಡಿ ಮದುವಣಿಗನ ಹಾಗೆ ನಿಲ್ಲಿಸಿದ್ದರು, ಒಳಗೆ ಸುಗಂಧದ ಘಮಘಮ. ಹಿಂದಿನ ಸೀಟ್‌ಬೆಲ್ಟನ್ನು ಕೊನೇವರೆಗೂ ಎಳೆದೆ. ಕೊನೆಯ ಒಂದು ಗೇಣು ಮಾತ್ರ ಚಹಾ ಬಣ್ಣ, ಅದರ ಮೇಲೆ ಒಂದು ನೇರ ಗೆರೆ. ಡಿಕ್ಕಿಯ ಮ್ಯಾಟ್ ಎತ್ತಿದರೆ ಬೋಲ್ಟುಗಳ ತಲೆಗೆಲ್ಲ ತುಕ್ಕು. ಯಾರ್ಡಿನವನು ಫೋನ್ ಬಂದವರ ಹಾಗೆ ಆಚೆ ನಡೆದ. ಇಂಥ ಗಾಡಿಗಳಲ್ಲಿ ಬ್ಯಾಟರಿ, ಎಷ್ಟೋ ಮಾಡ್ಯೂಲ್‌ಗಳು ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇರುತ್ತವೆ, ಹಾಗಾಗಿ ಇಂಜಿನ್‌ವರೆಗೂ ನೀರು ಬಂದರೆ ಮಾತ್ರ ಗಾಡಿ ಕೆಡೋದು ಅಂತಿಲ್ಲ. ಸನ್‌ರೂಫಿನ ನೀರು ಹೋಗೋ ಕೊಳವೆ ಕಟ್ಟಿಕೊಂಡರೂ ಸಾಕು.

ಟೈರಿನ ಪಕ್ಕದ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ. ನಾಲ್ಕೂ ಹೆಸರೇ ಕೇಳದ ಕಂಪನಿಯ ಹೊಸ ಟೈರುಗಳಾದರೆ, ಮಾಲೀಕರು ಕೊನೆಗೆ ಕೈ ಬಿಗಿ ಹಿಡಿದಿದ್ದಾರೆ ಅಂತ ಅರ್ಥ, ಕಣ್ಣಿಗೆ ಕಾಣದ ಕಡೆಯೂ ಹಿಡಿದಿರುತ್ತಾರೆ. ಬಿಎಂಡಬ್ಲ್ಯೂಗೆ ಬರೋದು ರನ್‌ಫ್ಲಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡೋದು), ಸಾಮಾನ್ಯ ಟೈರಿಗಿಂತ ಬೆಲೆ ಜಾಸ್ತಿ, ನಮ್ಮ ಗುಂಡಿಗಳಿಗೆ ಪಕ್ಕದಲ್ಲಿ ಬುಗುಟು ಬರೋದೂ ಜಾಸ್ತಿ.

ಬ್ಯಾಟರಿ ಬಗ್ಗೆ ಒಂದು ಮಾತು. ಮೂಲೆಯ ಅಂಗಡಿಯಿಂದ ತಂದು ಕೂರಿಸಿದರೆ ಮುಗಿಯಲ್ಲ, ಹೊಸದು ಹಾಕಿದೆ ಅಂತ ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್‌ನಿಂದ ತಿಳಿಸಬೇಕು. ಇಲ್ಲದಿದ್ದರೆ ಹಳೇ ಬ್ಯಾಟರಿಗೆ ಚಾರ್ಜ್ ಮಾಡೋ ಹಾಗೇ ಮಾಡಿ ಹೊಸದನ್ನು ಬೇಗ ಕೊಲ್ಲುತ್ತೆ.

ಖರ್ಚು ಕಡಿಮೆ ಮಾಡೋಕೆ ದಾರಿ ಇಲ್ಲ ಅಂತಲ್ಲ. ವಾರಂಟಿ ಮುಗಿದ ಗಾಡಿಯನ್ನು ಎಲ್ಲದಕ್ಕೂ ಶೋರೂಮಿಗೆ ಒಯ್ಯಬೇಡಿ. ಲೆಮ್‌ಫೋರ್ಡರ್, ಮಾಹ್ಲೆ, ಬಾಶ್, ಝಾಕ್ಸ್ ಡಬ್ಬಿಯಲ್ಲಿ ಬರೋ ಎಷ್ಟೋ ಸಾಮಾನು ಕಾರು ಕಂಪನಿಗೆ ಹೋಗೋದೇ, ಡಬ್ಬಿಯ ಮೇಲೆ ಕಾರಿನ ಲೋಗೋ ಇರೋದಿಲ್ಲ ಅಷ್ಟೇ. ಬಾಗಿಲು, ಬಂಪರ್, ಲೈಟು ಹಳೇದಾದರೂ ನಡೆಯುತ್ತೆ ಅಂದರೆ ಹಳೇ ಸಾಮಾನು ಮಾರೋ ಮುಂಬೈ ಕುರ್ಲಾದ ಸಿಎಸ್‌ಟಿ ರಸ್ತೆ ಇದೆ. ಬ್ರೇಕು, ಸ್ಟೀರಿಂಗಿನ ಸಾಮಾನು ಮಾತ್ರ ಅಲ್ಲಿಂದ ತರಬೇಡಿ. ಮುಖ್ಯವಾದದ್ದು, ಕಾರು ಹುಡುಕೋ ಮುಂಚೆ ಮೆಕ್ಯಾನಿಕ್ ಹುಡುಕಿ.

ಇನ್ಶೂರೆನ್ಸ್: 1500 ಸಿಸಿ ದಾಟಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ 2022ರ ದರದಲ್ಲಿ 7,897 ಅಷ್ಟೇ, ಕಾರಿನ ಬೆಲೆ ಎಷ್ಟಿದ್ದರೂ ಒಂದೇ. ಆದರೆ ಒಂಬತ್ತು ವರ್ಷ ದಾಟಿದ ಗಾಡಿಗೆ ಝೀರೋ ಡೆಪ್ (ಸಾಮಾನು ಹಳೇದಾಯ್ತು ಅಂತ ಕ್ಲೇಮಿನಲ್ಲಿ ಕಡಿತ ಮಾಡದ ಸೌಲಭ್ಯ), ಇಂಜಿನ್ ಪ್ರೊಟೆಕ್ಟ್ ಸಿಗೋದು ಕಷ್ಟ. ಇಂಜಿನ್ ಪ್ರೊಟೆಕ್ಟ್ ಇಲ್ಲದೆ ನೀರಿನಲ್ಲಿ ಇಂಜಿನ್ ಹೋದರೆ ಸಾಮಾನ್ಯ ಪಾಲಿಸಿ ಆ ಖರ್ಚು ಕೊಡೋದಿಲ್ಲ. ದುಡ್ಡು ಕೊಡೋ ಮುಂಚೆ ಎರಡು ಮೂರು ಕಡೆ ಕೋಟ್ ತಗೊಳ್ಳಿ.

ನಿಜ ಹೇಳಬೇಕು ಅಂದರೆ ನಿಮ್ಮ ಓಡಾಟಕ್ಕೆ ಡೀಸೆಲ್ಲೇ ತಪ್ಪು. ಎಂಟು ಕಿ.ಮೀ. ಹಿಂಜೇವಾಡಿ ಟ್ರಾಫಿಕ್ಕಿನಲ್ಲಿ ತೆವಳೋ ಡೀಸೆಲ್ ಇಂಜಿನ್ ಪೂರ್ತಿ ಬಿಸಿಯಾಗೋದೇ ಇಲ್ಲ, ಇಜಿಆರ್‌ನಲ್ಲಿ ಮಸಿ ಕಟ್ಟುತ್ತೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇದ್ದರೆ ಅದೂ ಕಟ್ಟಿಕೊಳ್ಳುತ್ತೆ. ವಾರಕ್ಕೊಮ್ಮೆ ಎಕ್ಸ್‌ಪ್ರೆಸ್‌ವೇ ಮೇಲೆ ಒಂದು ತಾಸು ಓಡಿಸೋರಿಗೆ ಸರಿ. ನಿಮಗೆ ಪೆಟ್ರೋಲ್ ಸೆಡಾನ್ ಅಥವಾ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ನೋಡಿ ಅಂತೀನಿ. ನಾನೀಗ ಓಡಿಸೋದು ಹಳೇ ಕ್ಯಾಮ್ರಿಯನ್ನೇ. ಮೂರು ವರ್ಷದಲ್ಲಿ ಆಯಿಲು, ಟೈರು, ಬ್ರೇಕ್ ಪ್ಯಾಡ್ ಬಿಟ್ಟು ಬೇರೆ ಬಿಲ್ಲಿಲ್ಲ. ಮಗನಿಗೆ ಅದು ಅಜ್ಜನ ಕಾರು. ಘಾಟಿನ ತಿರುವಿನಲ್ಲಿ ನನಗೂ ಆ ಜರ್ಮನ್ ಗಾಡಿ ನೆನಪಾಗುತ್ತೆ, ಸುಳ್ಳು ಹೇಳಲ್ಲ.

320ಡಿನೇ ಬೇಕು ಅಂದರೆ ನನ್ನ ಲೆಕ್ಕ ಇದು: ಗಾಡಿಗೆ 12ರ ಮೇಲೆ ಹೋಗಬೇಡಿ, 3 ಲಕ್ಷ ಎಫ್‌ಡಿ ಮಾಡಿ ಮುಟ್ಟಬೇಡಿ. ಸಾಲ ಮಾಡಿಯಂತೂ ಬೇಡವೇ ಬೇಡ. ಆ 3 ಲಕ್ಷ ಮನಸ್ಸಿನಲ್ಲಿ ಈಗಲೇ ಖರ್ಚಾದದ್ದು ಅಂತ ಬರೆದಿಡೋಕೆ ಆಗಲ್ಲ ಅಂದರೆ ಮನೆಯವರು ಹೇಳಿದ ಕ್ರೆಟಾ ತನ್ನಿ, ಅವರು ದಡ್ಡರಲ್ಲ. ಮಾರೋರು ಬೆಳಿಗ್ಗೆ ತಣ್ಣನೆ ಗಾಡಿ ತೋರಿಸೋಕೆ, ಸ್ಕ್ಯಾನರ್ ಹಚ್ಚೋಕೆ ಒಪ್ಪಿದರಾ ಅಂತ ಕೆಳಗೆ ಬರೀರಿ. ಸ್ಕ್ಯಾನ್ ರಿಪೋರ್ಟ್ ಸಿಕ್ಕರೆ ಅದರಲ್ಲಿರೋ ಫಾಲ್ಟ್ ಕೋಡುಗಳನ್ನೂ ಹಾಕಿ, ಭೋಸರಿಯವನಿಗೆ ತೋರಿಸಿ ಯಾವುದಕ್ಕೆ ಎಷ್ಟಾಗುತ್ತೆ ಅಂತ ಕೇಳಿ ಹೇಳ್ತೀನಿ.