ಕಾಡಿನ ಲಾಭ ಯಾರ ಮನೆಗೆ ಹೋಯಿತು?

ಹೋದ ಸಂಚಿಕೆಯಲ್ಲಿ ಬಂದ ಭದ್ರಾ ಅಭಯಾರಣ್ಯದ ಲೇಖನ ಓದಿ ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರವಿದು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

"ಕಾಡು ಉಳಿದರೆ ಸುತ್ತಲಿನ ಊರಿಗೆ ಲಾಭ ಅಂತ ಬರೆದಿದ್ದೀರಿ. ನನಗೆ ಆರು ಎಕರೆ ಕಾಫಿ ತೋಟ, ಒಂದೂವರೆ ಎಕರೆ ಗದ್ದೆ. ಆನೆ ಕಾಟಕ್ಕೆ ಗದ್ದೆ ಬೀಳು ಬಿಟ್ಟು ನಾಲ್ಕು ವರ್ಷ ಆಯಿತು. ಮನೆ ಮೇಲಿನ ಗುಡ್ಡದಲ್ಲಿ ನಮ್ಮಜ್ಜನ ಕಾಲದಿಂದ ಕೊಡಲಿ ತಾಗದ ಎರಡು ಎಕರೆ ಹಾಡ್ಯ, ಅಂದರೆ ಕಾಡಿನ ತುಂಡು, ಇದೆ. ರೆಸಾರ್ಟ್ ಮಾಡುತ್ತೇವೆ ಅಂತ ಬೆಂಗಳೂರಿನವರು ಕೇಳುತ್ತಿದ್ದಾರೆ, ರೇಟೂ ಚೆನ್ನಾಗಿದೆ. ಪಕ್ಕದ ತೋಟದವರು ಕಾಡುಮರ ತೆಗೆದು ಸಿಲ್ವರ್ ಓಕ್ ಮರ ಹಾಕಿ ದುಡ್ಡು ನೋಡಿದರು. ಕಾಡು ಇಟ್ಟುಕೊಂಡ ನಾನು ಏನು ನೋಡಿದೆ? ಲಾಭ ಯಾರ ಮನೆಗೆ ಹೋಯಿತು, ಲೆಕ್ಕ ಕೊಡಿ."

ಮಾನ್ಯರೇ,

ನಿಮ್ಮ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಆ ಲೇಖನದಲ್ಲಿ ಹುಲಿ ಇತ್ತು, ಸಫಾರಿ ಇತ್ತು, ಪ್ರವಾಸಿಗಳಿದ್ದರು. ಬೀಳು ಬಿದ್ದ ಗದ್ದೆ ಇರಲಿಲ್ಲ. ಅದು ಇರಬೇಕಿತ್ತು. ಹಾಗಾಗಿ ನಿಮ್ಮ ಗದ್ದೆಯಿಂದಲೇ ಶುರು ಮಾಡುತ್ತೇನೆ.

ಒಂದೂವರೆ ಎಕರೆ ಗದ್ದೆ ನಾಲ್ಕು ವರ್ಷ ಬೀಳು ಬಿದ್ದರೆ ಮನೆಯ ಊಟದ ಅಕ್ಕಿಯನ್ನು ಅಂಗಡಿಯಿಂದ ತರಬೇಕು, ದನಕ್ಕೆ ಹುಲ್ಲನ್ನೂ ಕೊಳ್ಳಬೇಕು. ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ನಡೆಯುವ ಭಯಕ್ಕೆ, ಆಳುಗಳು ಕೆಲಸಕ್ಕೆ ಬರಲು ಹಿಂಜರಿಯುವುದಕ್ಕೆ ಯಾವ ಪರಿಹಾರದ ಅರ್ಜಿಯಲ್ಲೂ ಜಾಗವಿಲ್ಲ. ಕಾಡಿನ ಲೆಕ್ಕ ಬರೆಯುವವರು ಖರ್ಚಿನ ಕಡೆ ಮೊದಲು ಬರೆಯಬೇಕಾದ್ದು ಇದನ್ನು. ಬರೆಯದೆ ಲಾಭದ ಮಾತಾಡಿದರೆ ಕಾಡಂಚಿನವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಆದರೆ ಒಂದು ಮಾತು. ಆಲೂರು, ಸಕಲೇಶಪುರದ ಆನೆಗಳು ಹೆಚ್ಚಿನ ಕಾಲ ಕಳೆಯುವುದು ದೊಡ್ಡ ಕಾಡಿನಲ್ಲಲ್ಲ, ಕಾಫಿ ತೋಟಗಳಲ್ಲಿ ಮತ್ತು ನಡುವೆ ಉಳಿದ ಚೂರುಪಾರು ಕಾಡಿನಲ್ಲಿ. ಹೈಕೋರ್ಟ್ ಸೂಚನೆಯ ಮೇಲೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ನಿಮ್ಮ ಭಾಗದಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಆಮೇಲೂ ಆನೆ ಕಾಟ ನಿಂತಿತೇ? 2023ರ ಡಿಸೆಂಬರ್ 4ರಂದು ಯಸಳೂರಿನ ಹತ್ತಿರ, ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಸತ್ತ. ಅಂದು ಅಲ್ಲಿ ಅತ್ತ ಮಾವುತನನ್ನು ನಾಡೆಲ್ಲ ನೋಡಿತು. ಹಿಡಿದಷ್ಟೂ ಬರುತ್ತಿವೆ ಎಂದರೆ ಅವುಗಳ ದಾರಿ, ಮೇವು, ನೀರು ತುಂಡು ತುಂಡಾಗಿವೆ ಎಂದೇ ಅರ್ಥ. ನಿಮ್ಮ ಗದ್ದೆ ಹೋದದ್ದು ಕಾಡು ಒಡೆದು ಚೂರಾದ್ದರಿಂದ. ಉಳಿದದ್ದನ್ನೂ ಒಡೆದರೆ ಆನೆ ಕಡಿಮೆಯಾಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ಇನ್ನು ಆದಾಯದ ಕಡೆ. ರೆಸಾರ್ಟು, ಸಫಾರಿ ಎಲ್ಲ ಆಮೇಲೆ. ಮೊದಲು ನಿಮ್ಮ ಬೇಲಿಯೊಳಗೇ ನೋಡೋಣ.

ನಿಮ್ಮ ಆರು ಎಕರೆಯಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಎಂದು ನೀವು ಬರೆದಿಲ್ಲ. ಬಹುಶಃ ಎರಡೂ ಇರಬೇಕು. ರೋಬಸ್ಟಾ ಗಿಡಕ್ಕೆ ತನ್ನದೇ ಹೂವಿನ ಪರಾಗ ಆಗುವುದಿಲ್ಲ, ಬೇರೆ ಗಿಡದ್ದು ಬರಬೇಕು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಆ ಮೂರು ನಾಲ್ಕು ದಿನದಲ್ಲೇ ಕೆಲಸ ಮುಗಿಯಬೇಕು. ಒಂದು ಪಾಲನ್ನು ಗಾಳಿ ಮಾಡುತ್ತದೆ, ಇನ್ನೊಂದು ಪಾಲನ್ನು ಜೇನು ಮಾಡುತ್ತದೆ. ಹೆಜ್ಜೇನು ಗೂಡು ಕಟ್ಟಲು ಎತ್ತರದ ಮರ ಬೇಕು. ತುಡುವೆ ಜೇನಿಗೆ ಮರದ ಪೊಟರೆ ಬೇಕು. ಕಾಫಿ ಹೂವಿಲ್ಲದ ಹನ್ನೊಂದು ತಿಂಗಳು ಅವು ಬದುಕಲು ಕಾಡುಹೂವು ಬೇಕು. ಆ ಮರ, ಆ ಪೊಟರೆ, ಆ ಹೂವು ಎಲ್ಲ ಎಲ್ಲಿವೆ? ನಿಮ್ಮ ಹಾಡ್ಯದಲ್ಲಿವೆ. ಸಿಲ್ವರ್ ಹಾಕಿದ ಪಕ್ಕದವರ ಕಾಫಿಗೂ ಕಾಯಿ ಕಚ್ಚಿಸುತ್ತಿರುವುದು ನಿಮ್ಮ ಎರಡು ಎಕರೆಯಲ್ಲಿ ಸಾಕಿದ ಜೇನು. ಅವರು ಇದಕ್ಕೆ ಒಂದು ರೂಪಾಯಿ ಕೊಟ್ಟಿಲ್ಲ.

ಅರೇಬಿಕಾ ಇದ್ದರೆ ಬಿಳಿ ಕಾಂಡಕೊರಕದ ಸಂಕಟ ನಿಮಗೆ ನಾನು ಹೇಳಬೇಕಾಗಿಲ್ಲ. ಆ ದುಂಬಿ ಮೊಟ್ಟೆಯಿಡಲು ಬಿಸಿಲು ಬೀಳುವ ಕಾಂಡವನ್ನೇ ಹುಡುಕುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯಿತು. ಅಲ್ಲಿಂದ ಬೆಳೆಗಾರರಿಗೆ ಬರುವ ಹಳೆಯ ಸಲಹೆ ಒಂದೇ: ನೆರಳು ಕಾಪಾಡಿ. ಅತ್ತಿ, ಬಸರಿ, ಗೋಣಿ, ಹಾಲುವಾಣದ ನೆರಳೇ ಬೇರೆ, ಅವುಗಳ ಎಲೆ ಕೊಳೆತು ಮಣ್ಣಾಗುವ ರೀತಿಯೇ ಬೇರೆ. ಸಿಲ್ವರ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ನೆಟ್ಟಗೆ ಹತ್ತುತ್ತದೆ, ಕಡಿದ ದಿನ ಒಟ್ಟಿಗೆ ದುಡ್ಡು ಸಿಗುತ್ತದೆ. ಇದೆಲ್ಲ ನಿಜ, ಪಕ್ಕದವರನ್ನು ನಾನು ದೂರುವುದಿಲ್ಲ. ಆ ದುಡ್ಡು ಒಮ್ಮೆ ಕಂಡಿತು. ಆಮೇಲೆ ಪ್ರತಿ ಬೇಸಿಗೆ ಒಣಗಿ ಕಿತ್ತೆಸೆಯುವ ಗಿಡದ ಲೆಕ್ಕವನ್ನು ಯಾರೂ ಸಿಲ್ವರ್ ಪಕ್ಕದಲ್ಲಿ ಬರೆಯುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಬೆಳೆಗಾರರಲ್ಲಿ ಹಲವರ ಕಿವಿಗೆ ಇನ್ನೂ ಬಿದ್ದಂತಿಲ್ಲ. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಜಾರಿಯನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ, ಹಿಂದೆ ತೆಗೆದುಕೊಂಡಿಲ್ಲ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾದ ಇಟಲಿ, ಜರ್ಮನಿ ಅದೇ ಒಕ್ಕೂಟದವು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಆ ನೆಲದ್ದೇ ಬೆಳೆ ಎಂಬ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಕಾಡುಮರದ ಕೆಳಗೆ ಬೆಳೆದ ಕಾಫಿ ಎಂಬ ಹೆಸರಿಗೆ ಮುಂದೆ ಬೆಲೆ ಬರುವುದಾದರೆ ಅದು ನಿಮ್ಮಂಥ ತೋಟಕ್ಕೆ ಬರಬೇಕು.

ನೀರಿನ ವಿಷಯಕ್ಕೆ ಬರುತ್ತೇನೆ. ಕಾಡು ಮಳೆ ತರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಎರಡು ಎಕರೆ ಹಾಡ್ಯ ಮಳೆ ತರುವುದಿಲ್ಲ, ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತರಗೆಲೆ, ಬೇರು, ಗೆದ್ದಲು ಕೊರೆದ ಮಣ್ಣು ಸೇರಿ ಆಷಾಢದ ನೀರನ್ನು ಕುಡಿದು ಚೈತ್ರದಲ್ಲಿ ಬಿಡುತ್ತವೆ. ನಮ್ಮ ಮನೆಗೂ ಗುಡ್ಡದಿಂದ ಇಳಿಯುವ ಅಬ್ಬಿ ನೀರೇ ಇತ್ತು, ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಅಂಗಳಕ್ಕೆ ಬಂದು ಬೀಳುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಮೇಲಿನ ಗುಡ್ಡದ ಮರ ಮಾರಾಟವಾಯಿತು. ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಮೂರನೇ ವರ್ಷ ಮಾರ್ಚಿನಲ್ಲಿ ದಬ್ಬೆ ಒಣಗಿತು. ಅಮ್ಮ ಕೊಡ ಹಿಡಿದು ಹಳ್ಳಕ್ಕೆ ಇಳಿಯಲು ಶುರು ಮಾಡಿದ್ದು ಆಗ. ಆಮೇಲೆ ಬೋರ್‌ವೆಲ್ ಬಂತು, ಒಂದು ಸಾಲದೆ ಎರಡು ಬಂದವು. ಮರ ಮಾರಿದ ದುಡ್ಡು ಅಷ್ಟರಲ್ಲಿ ಮುಗಿದಿತ್ತು.

ಇದು ಮನೆಯ ಮಾತಾಯಿತು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ನಿಮ್ಮ ಸಕಲೇಶಪುರದ ಪಕ್ಕದಲ್ಲಿ ಹರಿದು ಗೊರೂರಿನಲ್ಲಿ ನಿಲ್ಲುತ್ತಾಳೆ. ಅಲ್ಲಿನ ಅಣೆಕಟ್ಟೆ 37 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತದೆ. ತುಮಕೂರಿನ ನಲ್ಲಿಯಲ್ಲಿ ಬರುವುದು ಆ ನೀರು. ಬಾಬಾಬುಡನ್‌ಗಿರಿಯ ಸೆರಗಿನ ಯಗಚಿ ಗೊರೂರಿನ ಹತ್ತಿರ ಅವಳನ್ನು ಸೇರುತ್ತದೆ. ಆಚೆ ಗಂಗಾಮೂಲದ ಭದ್ರೆ ಲಕ್ಕವಳ್ಳಿಯಲ್ಲಿ 71 ಟಿಎಂಸಿಗೂ ಮೇಲೆ ತುಂಬಿ, ಶಿವಮೊಗ್ಗ, ದಾವಣಗೆರೆ ಕಡೆಯ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಜಮೀನಿಗೆ ನೀರಾಗುತ್ತದೆ. ಅಲ್ಲಿನ ಭತ್ತ, ಅಡಿಕೆ, ಕಬ್ಬಿನ ದುಡ್ಡಿನಲ್ಲಿ ನಮ್ಮ ಶೋಲಾ ಕಾಡಿನ, ಹುಲ್ಲುಗುಡ್ಡದ ಪಾಲು ಎಷ್ಟೆಂದು ಯಾವ ಮಂಡಿಯಲ್ಲೂ ಕೇಳುವುದಿಲ್ಲ.

ಲಾಭ ಯಾರ ಮನೆಗೆ ಹೋಯಿತು ಎಂದಿರಿ. ಕೆಳಗಿನ ಈ ಊರುಗಳಿಗೆ ಹೋಯಿತು. ಹೋದದ್ದು ತಪ್ಪಲ್ಲ, ಅವರೂ ರೈತರೇ. ತಿರುಗಿ ಏನೂ ಬರಲಿಲ್ಲ, ನನ್ನ ತಕರಾರು ಅದಕ್ಕೆ.

ಬೇರೆ ದಾರಿಯನ್ನೂ ನಾವು ನೋಡಿದ್ದೇವೆ. ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಬಂತು. ಊರು ಬೆಳೆಯಿತು, ಶಾಲೆ, ಆಸ್ಪತ್ರೆ, ಸಂಬಳ ಎಲ್ಲ ಬಂದವು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಯ ದಿನ ಗಣಿ ನಿಂತಿತು. ಅಲ್ಲಿ ಕೆಲಸ ಕಳೆದುಕೊಂಡವರ ಕಷ್ಟ ಸಣ್ಣದಲ್ಲ. ಆದರೂ ಕೇಳಬೇಕಾದ್ದು ಇದೆ: ಮೂವತ್ತು ವರ್ಷದ ಗಣಿ ಬಿಟ್ಟುಹೋದದ್ದು ಖಾಲಿ ಕ್ವಾರ್ಟರ್ಸು, ಬಗೆದ ಗುಡ್ಡ, ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿದ ಗಣಿ ಹೂಳು. ಭದ್ರೆ ಅದಕ್ಕೂ ಮೊದಲು ಹರಿಯುತ್ತಿದ್ದಳು, ಈಗಲೂ ಹರಿಯುತ್ತಿದ್ದಾಳೆ.

ತಿರುಗಿ ಬರುವ ದಾರಿ ಇಲ್ಲವೇ? ಇದೆ. ಇದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ 14ನೇ ಹಣಕಾಸು ಆಯೋಗ ಕಾಡಿಗೆ ಶೇ 7.5ರಷ್ಟು ತೂಕ ಕೊಟ್ಟಿತು. 15ನೇ ಆಯೋಗ ಅದನ್ನು ಶೇ 10ಕ್ಕೆ ಏರಿಸಿತು. ಅಂದರೆ ಕಾಡು ಇಟ್ಟುಕೊಂಡದ್ದಕ್ಕೆ ದೆಹಲಿಯಿಂದ ಬೆಂಗಳೂರಿಗೆ ದುಡ್ಡು ಬಂದಿದೆ. ದೆಹಲಿ ಒಪ್ಪಿದ ನ್ಯಾಯವನ್ನು ಬೆಂಗಳೂರು ಕಾಡಂಚಿನ ಹೆತ್ತೂರಿಗೆ, ಕಳಸಕ್ಕೆ, ಜಾವಳಿಗೆ ಯಾಕೆ ಒಪ್ಪಬಾರದು? ಕಾಡು ಹೆಚ್ಚಿರುವ ಪಂಚಾಯಿತಿಗೆ ಅದೇ ತೂಕದಲ್ಲಿ ಹೆಚ್ಚು ಅನುದಾನ ಕೊಡಲಿ. ಸೋಲಾರ್ ಬೇಲಿ, ರಾತ್ರಿ ಆನೆ ಬಂದ ಸುದ್ದಿ ಮುಟ್ಟಿಸುವ ವ್ಯವಸ್ಥೆ, ತಡವಿಲ್ಲದ ಬೆಳೆ ಪರಿಹಾರ ಆ ದುಡ್ಡಿನಲ್ಲೇ ಆಗಲಿ. ಹಿಮಾಚಲದ ಪಾಲಂಪುರದಲ್ಲಿ ಒಂದು ಸಣ್ಣ ಕೆಲಸ ನಡೆದಿದೆ. ಪೇಟೆಗೆ ನೀರು ಕೊಡುವ ಬೋಹಲ್ ಒರತೆಯ ಮೇಲಿನ ಕಾಡನ್ನು ಕಾಯುವ ಹಳ್ಳಿಯವರಿಗೆ ಪುರಸಭೆ ವರ್ಷಕ್ಕೆ 10,000 ರೂಪಾಯಿ ಕೊಡುವ ಒಪ್ಪಂದ ಮಾಡಿಕೊಂಡಿತು. ಮೊತ್ತ ಸಣ್ಣದು. ಆದರೆ ಕೆಳಗಿನವರು ಮೇಲಿನವರಿಗೆ ಋಣಿ ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ. ಗೊರೂರಿನ ನೀರಿಗೆ ಇಂಥದೊಂದು ಕಾಗದ ಇಲ್ಲ.

ಭದ್ರಾದಂಥ ಹುಲಿ ಮೀಸಲು ಪ್ರದೇಶಗಳ ಪ್ರವೇಶ ಶುಲ್ಕ ಅಲ್ಲಿಯೇ ಬಳಕೆಯಾಗಲೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2006ರ ತಿದ್ದುಪಡಿಯಲ್ಲಿ ಪ್ರತಿಷ್ಠಾನದ ಏರ್ಪಾಡು ಮಾಡಿದ್ದಾರೆ. ಅದರ ಖರ್ಚಿನ ಪಟ್ಟಿ ಮುತ್ತೋಡಿ, ಲಕ್ಕವಳ್ಳಿ ಸುತ್ತಿನ ಊರುಗಳ ಪಂಚಾಯಿತಿ ಗೋಡೆಯ ಮೇಲೆ ವರ್ಷಕ್ಕೊಮ್ಮೆ ಬರಲಿ ಎಂಬುದು ನಮ್ಮ ಪತ್ರಿಕೆಯ ಬೇಡಿಕೆ. ಅದೇ ಭದ್ರಾದ ಒಳಗಿನಿಂದ 2002ರ ಆಸುಪಾಸಿನಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರಿಗೆ ಬಂದವು. ಭೂಮಿ, ಮನೆ, ಶಾಲೆ ಕೊಟ್ಟು ಮಾತಾಡಿ ಕರೆತಂದದ್ದರಿಂದ ದೇಶದಲ್ಲಿ ಅದನ್ನು ಒಳ್ಳೆಯ ಮಾದರಿ ಎನ್ನುತ್ತಾರೆ. ಕೊಡಬೇಕಾದ್ದನ್ನು ಕೊಟ್ಟರೆ ಜನ ಕಾಡಿನ ವಿರುದ್ಧ ನಿಲ್ಲುವುದಿಲ್ಲ.

ಕೊನೆಗೆ ನಿಮ್ಮ ಹಾಡ್ಯ. ಮಾರಲೋ ಬೇಡವೋ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರ ಬರೆದದ್ದು ಅದಕ್ಕೇ ಎಂದು ನನಗೆ ಅನಿಸಿತು. ಅದು ನಿಮ್ಮ ಹಿಡುವಳಿ, ನಿಮ್ಮ ಮಕ್ಕಳ ಓದು, ನಿಮ್ಮ ಸಾಲ. ಚಿಕ್ಕಮಗಳೂರಿನಲ್ಲಿ ಕೂತು ಬೇಡ ಎನ್ನುವ ಹಕ್ಕು ನನಗಿಲ್ಲ. ಆದರೆ ಕೊಳ್ಳುವವರು ಕೊಳ್ಳುತ್ತಿರುವುದು ಏನನ್ನು ಎಂದು ತಿಳಿದು ಮಾತಿಗೆ ಕೂರಿ. ಅವರಿಗೆ ಬೇಕಾದ್ದು ನಿಮ್ಮಜ್ಜ ಕಡಿಯದೆ ಬಿಟ್ಟ ಮರ, ಅದರ ತಂಪು. ಜೆಸಿಬಿ ಹತ್ತಿ ಗುಡ್ಡದ ಕಾಲು ಕಡಿದು ರಸ್ತೆ ಮಾಡಿದ ಮೇಲೆ ಕೆಳಗಿರುವುದು ನಿಮ್ಮ ಮನೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿದ್ದನ್ನು ನೋಡಲು ನಾನೂ ಹೋಗಿದ್ದೆ. ಆ ಮಳೆಯೇ ಅಂಥದ್ದು, ಎಲ್ಲವನ್ನೂ ಮರ ಕಡಿದವರ ಮೇಲೆ ಹೊರಿಸಲಾರೆ. ಆದರೆ ಕಾಲು ಕಡಿದ ಗುಡ್ಡದ ಕೆಳಗೆ ಅಂಥ ಮಳೆಯ ರಾತ್ರಿ ಮಲಗಿ ಎಂದು ಯಾರಿಗೂ ಹೇಳಲಾರೆ. ನಿಮಗೆ ಅತಿಥಿಗಳ ದುಡ್ಡೇ ಬೇಕಿದ್ದರೆ ನಿಮ್ಮ ಮನೆಯದೇ ಎರಡು ಕೋಣೆ ಸಾಕು. ಹಾಡ್ಯ ನಿಮ್ಮದಾಗಿಯೇ ಇರುತ್ತದೆ, ಬಾಡಿಗೆಯೂ ನಿಮ್ಮ ಕೈಗೇ ಬರುತ್ತದೆ.

ನಿರ್ಧಾರಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹಾಡ್ಯದ ಬುಡದಲ್ಲಿ ಬಹುಶಃ ಒರತೆ ಇರುತ್ತದೆ. ಏಪ್ರಿಲ್ ಮೊದಲ ವಾರ, ಮಳೆ ಬೀಳುವ ಮೊದಲು, ಹದಿನೈದು ಲೀಟರಿನ ಕೊಡವೊಂದನ್ನು ಅದರ ಬಾಯಿಗೆ ಹಿಡಿದು ಗಡಿಯಾರ ನೋಡಿ. ಅರ್ಧ ನಿಮಿಷಕ್ಕೆ ತುಂಬಿತು ಎಂದರೆ ದಿನಕ್ಕೆ 43,200 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಎಂಟೂವರೆ ಟ್ಯಾಂಕರು, ಅದೂ ಕಡು ಬೇಸಿಗೆಯಲ್ಲಿ, ಕರೆಂಟಿಲ್ಲದೆ, ದಿನಾ. ನಿಮ್ಮ ಕಡೆ ಟ್ಯಾಂಕರಿಗೆ ಎಷ್ಟು ತೆಗೆದುಕೊಳ್ಳುತ್ತಾರೋ ಅದರಿಂದ ಗುಣಿಸಿ. ಬೆಂಗಳೂರಿನವರು ಹೇಳಿದ ರೇಟನ್ನು ಆ ಅಂಕಿಯ ಪಕ್ಕದಲ್ಲಿ ಬರೆಯಿರಿ.

ಅಳತೆಯನ್ನು ನನಗೂ ಕಳಿಸಿ. ಕೊಡ ತುಂಬಲು ಹತ್ತು ನಿಮಿಷ ಹಿಡಿದರೆ ಅದನ್ನೂ ಹಾಗೆಯೇ ಬರೆಯಿರಿ. ಮೇ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ