ಬರೆದದ್ದನ್ನು ತೋರಿಸುವುದೇಕೆ?

ಹಲವು ವರ್ಷಗಳಿಂದ ಮನೆಯ ಒಂದು ಕೋಣೆಯಲ್ಲಿ ನಿಮ್ಮ ಪಾಡಿಗೆ ನೀವು ಚಿತ್ರ ಬರೆಯುತ್ತ ಬಂದಿದ್ದೀರಿ. ಈಗ ಗೆಳೆಯರು ಅವನ್ನು ಗ್ಯಾಲರಿಯಲ್ಲಿ ಪ್ರದರ್ಶಿಸುವಂತೆ ಒತ್ತಾಯಿಸುತ್ತಿದ್ದಾರೆ, ಆ ಯೋಚನೆ ಬಂದಾಗಲೆಲ್ಲ ನಿಮಗೆ ಸಂಕೋಚವೂ ಭಯವೂ ಆಗುತ್ತಿದೆ. ಬರೆಯುವಾಗಲೇ ಮನಸ್ಸಿಗೆ ಬೇಕಾದದ್ದು ದೊರೆತ ಮೇಲೆ ತೋರಿಸುವುದರಿಂದ ಕಲಾವಿದನಿಗೆ ಹೆಚ್ಚಿಗೆ ಸಿಗುವುದೇನು ಎಂದು ಕೇಳಿದ್ದೀರಿ. ಬಹುಕಾಲದಿಂದ ಬರೆಯುತ್ತ, ಆಗಾಗ ಪ್ರದರ್ಶಿಸುತ್ತ ಬಂದವನಾಗಿ ನಾನು ಹೇಳಬಲ್ಲೆ: ಬರೆಯುತ್ತಿರುವಷ್ಟು ಕಾಲ ಚಿತ್ರ ನನ್ನ ಒಳಗಿನದೇ ಒಂದು ಭಾಗವಾಗಿರುತ್ತದೆ, ಅಪರಿಚಿತರ ಎದುರು ಗೋಡೆಗೇರಿದಾಗ ಮಾತ್ರ ಅದು ನನ್ನಿಂದ ಬೇರೆಯಾದ ಒಂದು ವಸ್ತುವಾಗಿ ನನ್ನ ಕಣ್ಣಿಗೂ ಬೀಳುತ್ತದೆ. ಹಾಗೆ ಬೇರೆಯಾಗುವಾಗ ನೋವಾಗುತ್ತದೆ. ಆದರೂ ಅದಿಲ್ಲದೆ ನನ್ನ ಯಾವ ಚಿತ್ರವೂ ಮುಗಿದಂತೆ ನನಗೆ ಅನ್ನಿಸಿಲ್ಲ.

ಬರೆಯುವಾಗ ಸಿಗುವುದನ್ನು ಸುಖ ಎಂದು ಕರೆಯಲು ನನಗೆ ಪೂರ್ತಿ ಮನಸ್ಸು ಬರುವುದಿಲ್ಲ. ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲ ಇದು; ಜೂನ್‌ನಲ್ಲಿ ಹಿಡಿದ ಮಳೆ ಆಗಸ್ಟ್ ನಡುವಿಗೆ ಮುಗಿಯುವ ಆಟಿ ತಿಂಗಳು ಕಳೆದರೂ ಬಿಡುವುದಿಲ್ಲ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ತಂಪು, ತೇವ ಮತ್ತು ಮಂದ ಬೆಳಕಿನ ಆ ತಿಂಗಳುಗಳಲ್ಲಿ ಒಂದು ಪದರ ಕೈಗೆ ಅಂಟದಷ್ಟು ಒಣಗಬೇಕಾದರೂ ಬಹಳ ದಿನ ಕಾಯಬೇಕಾಗುತ್ತದೆ, ಜಲವರ್ಣದ ಕಾಗದವನ್ನಂತೂ ಬೂಸ್ಟಿನಿಂದ ಕಾಪಾಡುವುದೇ ಒಂದು ಕೆಲಸ. ಹೀಗೆ ಕಾಯುವಾಗ ಅರ್ಧ ಬರೆದ ಚಿತ್ರ ಎದುರಿಗೇ ಇರುತ್ತದೆ. ಊಟಕ್ಕೆ ಕುಳಿತರೂ, ತೋಟಕ್ಕೆ ಹೋದರೂ ಅದರ ಎಡಮೂಲೆಯ ಹಸಿರು ಸರಿಯಾಯಿತೇ ಎಂಬ ಯೋಚನೆ ಬಿಡುವುದಿಲ್ಲ. ನಿಮಗೂ ಇದು ಗೊತ್ತಿರುತ್ತದೆ. ಆ ಸ್ಥಿತಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಇರುವುದು ಒಂದು ತೀವ್ರವಾದ ಗಮನ. ಮನಸ್ಸಿನ ಬೇರೆ ಗದ್ದಲಗಳೆಲ್ಲ ಅಷ್ಟು ಹೊತ್ತು ಅಡಗಿರುತ್ತವೆ. ದುಃಖದ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಗಮನವೇ.

ತೋರಿಸುವ ಭಯಕ್ಕೆ ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ ಎಂದು ನಾನು ನಂಬಿದ್ದೇನೆ. ಇಲ್ಲಿನ ಹಳೆಯ ಕಲೆಗಳಲ್ಲಿ ಮಾಡುವುದಕ್ಕೂ ತೋರಿಸುವುದಕ್ಕೂ ನಡುವೆ ಅಂತರವೇ ಇರಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರದವನು, ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ ಮುಖಕ್ಕೆ ಚಿಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡುತ್ತಾನೆ, ಅದೇ ರಾತ್ರಿ ರಂಗಸ್ಥಳದಲ್ಲಿ ಅಬ್ಬರಿಸುತ್ತಾನೆ, ಆಟ ಮುಗಿದ ಮೇಲೆ ಅದನ್ನೆಲ್ಲ ಒರೆಸಿ ತೆಗೆಯುತ್ತಾನೆ. ನಾಗಾರಾಧನೆಯ ಸೇವೆಯಾದ ನಾಗಮಂಡಲದಲ್ಲಿ ಅರಸಿನ, ಅಕ್ಕಿಹಿಟ್ಟು, ಎಲೆಯ ಪುಡಿ ಮೊದಲಾದ ಐದು ಬಣ್ಣಗಳಿಂದ ನೆಲದ ಮೇಲೆ ಮೂಡುವ ಸರ್ಪದ ಸುರುಳಿಗಳು ಜನರ ಕಣ್ಣೆದುರಿನಲ್ಲೇ ಬೆಳೆಯುತ್ತವೆ, ಸೇವೆ ಮುಗಿದೊಡನೆ ಅಳಿದುಹೋಗುತ್ತವೆ. ಅಲ್ಲಿ ಬಣ್ಣ ಹಾಕುವವನು ತನ್ನ ಕೃತಿಯ ಜೊತೆಯಲ್ಲೇ ಇರುತ್ತಾನೆ, ನೋಡುವವನೂ ಅಲ್ಲೇ ಇರುತ್ತಾನೆ. ಕ್ಯಾನ್‌ವಾಸಿನ ಕಲಾವಿದ ಮಾತ್ರ ತಿಂಗಳುಗಟ್ಟಲೆ ಒಂಟಿಯಾಗಿ ಕೆಲಸ ಮಾಡಿ, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಬಿಳಿಯ ಗೋಡೆಯ ಪಕ್ಕದಲ್ಲಿ ಸುಮ್ಮನೆ ನಿಂತುಕೊಳ್ಳಬೇಕಾಗುತ್ತದೆ. ಕೈಗೆ ಕೆಲಸವಿಲ್ಲ, ತಿದ್ದುವ ಅವಕಾಶವಿಲ್ಲ. ಆಗ ಅಂಜಿಕೆಯಾಗದಿದ್ದರೆ ಆಶ್ಚರ್ಯಪಡಬೇಕು. ಅದನ್ನು ನಿಮ್ಮ ದೌರ್ಬಲ್ಯವೆಂದು ದಯವಿಟ್ಟು ಭಾವಿಸಬೇಡಿ.

ಇನ್ನು, ಅಷ್ಟು ಅಂಜಿಕೆಯಿದ್ದೂ ನಾನು ಏಕೆ ತೋರಿಸುತ್ತೇನೆ ಎಂಬುದು. ನಮ್ಮ ಬಾಯಾರು, ಪೈವಳಿಕೆ, ಎಣ್ಮಕಜೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ಹಿಡಿಸುವಷ್ಟೇ ಅಗಲವಾಗಿ, ಮುರಕಲ್ಲು ಎಂಬ ಕೆಂಪು ಜಂಬಿಟ್ಟಿಗೆಯ ಒಳಗೆ ಅಡ್ಡಕ್ಕೆ ಹತ್ತಾರು ಮೀಟರ್, ಕೆಲವೆಡೆ ನೂರಾರು ಮೀಟರ್ ಕೊರೆದುಕೊಂಡು ಹೋದ ದಾರಿಗಳು ಅವು. ಒಳಗೆ ಜಿನುಗಿದ ನೀರು ತಾನಾಗಿ ಹರಿದು, ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲೋ ಪೈಪಿನಲ್ಲೋ ಕೆರೆಗೆ ಬಂದು ಬೀಳುತ್ತದೆ. ಅವುಗಳ ಬಾಯಿಯನ್ನೂ ಒಳಗಿನ ಕತ್ತಲನ್ನೂ ನಾನು ಹಲವು ಚಿತ್ರಗಳಲ್ಲಿ ಬರೆದಿದ್ದೆ. ಒಂದು ಚಿತ್ರದ ಕೆಳಅಂಚಿನಲ್ಲಿ ಬೂದು ಬೆರೆತ ನೀಲಿಯ ಒಂದು ಪಟ್ಟಿ ಇತ್ತು. ಮೇಲಿನ ಕೆಂಪಿನ ಭಾರವನ್ನು ಸರಿತೂಗಿಸಲು ಹಾಕಿದ್ದೆನೇ ಹೊರತು ಬೇರೆ ಯೋಚನೆ ನನ್ನಲ್ಲಿರಲಿಲ್ಲ. ಪ್ರದರ್ಶನಕ್ಕೆ ಮೊಮ್ಮಗನೊಂದಿಗೆ ಬಂದಿದ್ದ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತರು. ಪ್ರಾಯದಲ್ಲಿ ಸುರಂಗ ಕೊರೆಯುವ ಕೆಲಸ ಮಾಡಿದವರಂತೆ. ಆಮೇಲೆ ಆ ಪಟ್ಟಿಯ ಕಡೆಗೆ ಬೆರಳು ತೋರಿಸಿ, “ಇಲ್ಲಿ ನೀರು ಸಿಕ್ಕಿದೆಯಲ್ಲ ಮಾಷ್ಟ್ರೇ” ಎಂದರು. ಮುರಕಲ್ಲು ಮುಗಿದು ಜೇಡಿಮಣ್ಣು ಸಿಗತೊಡಗಿದಾಗ ಮಣ್ಣಿನ ಬಣ್ಣ ತಿರುಗುವುದನ್ನೂ, ಉರಿಯುವ ಮೇಣದಬತ್ತಿ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದುದನ್ನೂ ಮೊಮ್ಮಗನಿಗೆ ಅಲ್ಲಿಯೇ ವಿವರಿಸಿ ಹೇಳಿದರು. ಹುಡುಗನಿಗೆ ಅಜ್ಜನ ಆ ಕಥೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂಬುದು ಅವನ ಮುಖದಿಂದಲೇ ತಿಳಿಯುತ್ತಿತ್ತು.

ನಾನು ಬರೆದ ಚಿತ್ರದಲ್ಲಿ ನಾನು ಕಾಣದ ನೀರನ್ನು ಅವರು ಕಂಡರು. ಅವರು ಚಿತ್ರವನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ತಮ್ಮ ಬದುಕಿನ ಒಂದು ಪಾಲನ್ನು ಅದರೊಳಗೆ ಇಟ್ಟು ಹೋದರು. ಅಂದಿನಿಂದ ಆ ಚಿತ್ರವನ್ನು ನೋಡಿದಾಗಲೆಲ್ಲ ನನಗೂ ಅಲ್ಲಿ ನೀರೇ ಕಾಣುತ್ತದೆ. ತೋರಿಸುವುದರಿಂದ ಸಿಗುವುದೇನು ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನಿಖರವಾದ ಉತ್ತರ ನನ್ನಲ್ಲಿಲ್ಲ. ಮಾರಾಟವಾದರೆ ಚೌಕಟ್ಟಿನ ಖರ್ಚು ಹುಟ್ಟುತ್ತದೆ, ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಮನೆಯವರಿಗೆ ಸಂತೋಷವಾಗುತ್ತದೆ. ಅವು ಅಷ್ಟಕ್ಕೇ ನಿಲ್ಲುತ್ತವೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲವೂ ಕೇಳಿಬರುವ ನಮ್ಮ ಜಿಲ್ಲೆಯಲ್ಲಿ, ಯಾರ ಭಾಷೆ ಯಾವುದೆಂದು ವಿಚಾರಿಸುವ ಅಗತ್ಯವೇ ಬೀಳದೆ ಜನರು ಒಂದೇ ಚಿತ್ರದ ಮುಂದೆ ಜೊತೆಯಾಗಿ ನಿಲ್ಲುವುದನ್ನು ನೋಡುವುದು ಮಾತ್ರ ನನಗೆ ಬಹಳ ದೊಡ್ಡದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಗಡಿಯ ವಿಚಾರದಲ್ಲಿ ಇಲ್ಲಿನ ಕನ್ನಡಿಗರು ಅನುಭವಿಸಿದ ತಳಮಳವನ್ನು ಬಲ್ಲವರಿಗೆ ನನ್ನ ಮಾತಿನ ತೂಕ ತಿಳಿದೀತು.

ಎಲ್ಲಿ ತೋರಿಸುತ್ತೇವೆ ಎಂಬುದೂ ಭಾವನೆಯ ವಿಷಯವೇ. ಅಮೆರಿಕದ ಚಿತ್ರಕಲಾವಿದ ಮಾರ್ಕ್ ರಾತ್ಕೊ 1958ರಲ್ಲಿ ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡದ ಐಷಾರಾಮಿ ಉಪಾಹಾರಗೃಹಕ್ಕಾಗಿ ದೊಡ್ಡ ಚಿತ್ರಗಳ ಕೆಲಸ ಒಪ್ಪಿಕೊಂಡಿದ್ದರು. ಅಲ್ಲಿ ಒಮ್ಮೆ ಊಟ ಮಾಡಿದ ಬಳಿಕ, ಅಂಥ ಜಾಗದಲ್ಲಿ ತಮ್ಮ ಚಿತ್ರಗಳು ಇರಬಾರದೆಂದು ನಿರ್ಧರಿಸಿ ಹಣವನ್ನು ಹಿಂದಿರುಗಿಸಿದರು. ಅವುಗಳಲ್ಲಿ ಒಂಬತ್ತು ಚಿತ್ರಗಳನ್ನು ಮುಂದೆ ಲಂಡನ್ನಿನ ಟೇಟ್ ಗ್ಯಾಲರಿಗೆ ಕೊಟ್ಟರು. ಅಲ್ಲಿ ಅವು ಮಂದ ಬೆಳಕಿನ ಪ್ರತ್ಯೇಕ ಕೋಣೆಯಲ್ಲಿ ನೋಡಲು ಸಿಕ್ಕಿವೆ. ಆದ್ದರಿಂದ ಗೆಳೆಯರು ಹೇಳಿದ ಮೊದಲ ಜಾಗವನ್ನೇ ನೀವು ಒಪ್ಪಿಕೊಳ್ಳಬೇಕಾಗಿಲ್ಲ.

ತೋರಿಸದೆ ಇರುವುದೂ ಗೌರವದ ಆಯ್ಕೆಯೇ. ಸ್ವೀಡನ್ನಿನ ಚಿತ್ರಕಲಾವಿದೆ ಹಿಲ್ಮಾ ಆಫ್ ಕ್ಲಿಂಟ್ 1944ರಲ್ಲಿ ತೀರಿಕೊಂಡಾಗ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಬಿಟ್ಟುಹೋದರು, ಮತ್ತು ತಮ್ಮ ಮುಖ್ಯ ಅಮೂರ್ತ ಚಿತ್ರಗಳನ್ನು ಮರಣಾನಂತರ 20 ವರ್ಷಗಳವರೆಗೆ ಯಾರಿಗೂ ತೋರಿಸಬಾರದೆಂದು ಬಯಸಿದ್ದರು. 1986ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವು ಪ್ರದರ್ಶನಗೊಂಡ ಮೇಲೆಯೇ ಲೋಕಕ್ಕೆ ಅವರ ಪರಿಚಯವಾಗತೊಡಗಿತು. ಆದರೆ ಅವರು ಸಹ ಚಿತ್ರಗಳನ್ನು ಸುಟ್ಟುಹಾಕಲಿಲ್ಲ, ಇನ್ನೂ ಹುಟ್ಟದ ನೋಡುಗರಿಗಾಗಿ ಕಾದಿರಿಸಿದರು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ತೋರಿಸಲು ಮನಸ್ಸು ಮಾಡಿದಿರಾದರೆ, ಏಕವ್ಯಕ್ತಿ ಪ್ರದರ್ಶನದಿಂದ ಆರಂಭಿಸಬೇಡಿ; ಸಮೂಹ ಪ್ರದರ್ಶನದಲ್ಲಿ ಎರಡೋ ಮೂರೋ ಚಿತ್ರಗಳನ್ನು ಇಡಿ. ನಮ್ಮ ಕಡೆಯವರಿಗೆ ಕಾಞಂಗಾಡಿನಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ, ಮಂಗಳೂರಿನ ಬಲ್ಲಾಳ್‌ಬಾಗಿನಲ್ಲಿ ಪ್ರಸಾದ್ ಆರ್ಟ್ ಗ್ಯಾಲರಿ ಇದೆ. ನಿಮ್ಮ ಊರಿಗೆ ಹತ್ತಿರದ್ದನ್ನು ಮೊದಲು ಪ್ರೇಕ್ಷಕರಾಗಿ ಹೋಗಿ ನೋಡಿಕೊಂಡು ಬನ್ನಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ತೂಗುಹಾಕಿದರೆ ನಿಂತು ನೋಡುವವರ ಕಣ್ಣಿಗೆ ನೇರವಾಗಿರುತ್ತದೆ. ಜಲವರ್ಣವಿದ್ದರೆ ಪ್ರಖರ ದೀಪ ಬೇಡ. ಎಂದೂ ಬಿಟ್ಟುಕೊಡಲಾಗದ ಚಿತ್ರವೊಂದಿದ್ದರೆ ಅದರ ಕೆಳಗೆ ‘ಮಾರಾಟಕ್ಕಿಲ್ಲ’ ಎಂದು ಯಾವ ಮುಲಾಜೂ ಇಲ್ಲದೆ ಬರೆಯಿರಿ. ಉದ್ಘಾಟನೆಯ ದಿನ ಬರುವವರು ಹೆಚ್ಚಾಗಿ ಬಂಧುಗಳು ಮತ್ತು ಗೆಳೆಯರು, ಅವರು ನೋಡುವುದು ನಿಮ್ಮನ್ನು. ಎರಡನೆಯ ದಿನ, ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹೋಗಿ, ಚಿತ್ರ ಬರೆದವರು ನೀವೆಂದು ಯಾರಿಗೂ ಹೇಳದೆ ಒಂದು ಮೂಲೆಯಲ್ಲಿ ಕುಳಿತುಕೊಂಡು, ಗುರುತಿಲ್ಲದವರು ನಿಮ್ಮ ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ, ಅಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಇನ್ನೊಂದು ಪ್ರದರ್ಶನ ಮಾಡಬೇಕೇ ಬೇಡವೇ ಎಂಬುದನ್ನು ಆ ಮೇಲೆ ತೀರ್ಮಾನಿಸಿದರೆ ಸಾಕು.